ಪ್ಲೇಫುಲ್ ಮನೆಯ ತಂಬಿಗೆ

"ಮೊದಲು ಆ ಹೊಂಬಾಳಮ್ಮನ ಒಂದು ಹಲ್ಲು ತೋರಿಸಿ ಸ್ವಾಮಿ, ಆಮೇಲೆ ಪದದ ಮಾತು," ಅಂದ ಸೈಕಲ್ ಶಾಪಿನ ಉಗ್ರಪ್ಪ. "ಆಕೆ ನಕ್ಕಿದ್ದನ್ನ ಯಾರಾದರೂ ಕಂಡಿದ್ದೀರಾ? ಮದುವೇಲಿ ತೆಗೆಸಿದ ಫೋಟೋ ನೋಡಿದ್ದೀನಿ ನಾನು. ಫೋಟೋ ತೆಗೆಯೋನಿಗೆ ಬೈತಾ ಇರೋ ಹಾಗಿದೆ."

ಚಾವಡಿ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಗೊಳ್ಳೆಂದರು. ಹಪ್ಪಳದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಾನು ಅಲ್ಲೇ ನಿಂತಿದ್ದೆ. ಹೊಂಬಾಳಮ್ಮ ಅಂದರೆ ನಮ್ಮತ್ತೆ. ನಾನು ರೇವಕ್ಕ, ಅವರ ಒಬ್ಬಳೇ ಸೊಸೆ. ನಮ್ಮತ್ತೆಯನ್ನು ನಾನು ಏನು ಬೇಕಾದರೂ ಅನ್ನಬಹುದು, ಇನ್ನೊಬ್ಬರು ಅಂದರೆ ಕೇಳಿಕೊಂಡು ಬರುವವಳಲ್ಲ.

"ಉಗ್ರಪ್ಪಣ್ಣ, ನಮ್ಮತ್ತೆ ಹಲ್ಲು ಗಟ್ಟಿಯಾಗೇ ಇದೆ. ಬೇಕಾದರೆ ಅವರು ಕಡಿದಿಟ್ಟ ಚಕ್ಕುಲಿ ತಂದುಕೊಡ್ತೀನಿ, ಗುರುತು ನೋಡಿಕೊ," ಅಂದೆ.

ಮತ್ತೆ ಗೊಳ್ಳೆಂದರು. ಈ ಸಲ ಉಗ್ರಪ್ಪ ನಗಲಿಲ್ಲ. ಅವನ ಅಭ್ಯಾಸವೇ ಅದು, ನಗೆ ಅವನ ಕಡೆಯಿಂದ ಹೊರಡಬೇಕು, ಅವನ ಕಡೆಗೆ ಬರಬಾರದು. "ನೋಡೋಣ ಬಿಡಕ್ಕ. ಹುಣ್ಣಿಮೆ ಸಂಜೆ ಪದ ಯಾರ ಮನೆಗೆ ನಡೆಯುತ್ತೆ ಅಂತ ನೋಡೋಣ. ನಮ್ಮನೇಲಿ ಒಂದು ತಂಬಿಗೆ ಇದೆ, ಎರಡನೇದಕ್ಕೆ ಜಗಲಿ ಮೇಲೆ ಜಾಗ ಮಾಡಿಟ್ಟಿದ್ದೀನಿ," ಅಂದು ಪಂಪು ಒತ್ತುವುದಕ್ಕೆ ಹೋದ.

ತಂಬಿಗೆಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ನಮ್ಮೂರು ಅರ್ಥವಾಗುವುದಿಲ್ಲ. ಹೊರಗಿನಿಂದ ಬಂದ ಪದವನ್ನು ನಮ್ಮೂರಲ್ಲಿ ಯಾರಾದರೂ ಸಲ್ಲದ ಕಡೆ ಬಳಸಿದರೆ ಅವರಿಗೆ ಬಿಕ್ಕಳಿಕೆ ಬರುತ್ತದೆ. ಸುಮ್ಮನೆ ಒಂದು ಸಲ ಬಂದು ಹೋಗುವ ಬಿಕ್ಕಳಿಕೆಯಲ್ಲ, ಕೂತರೂ ನಿಂತರೂ ಬಿಡದ್ದು. ಹಾಗಾಗಿ ಪ್ರತಿಯೊಂದು ಪದವನ್ನೂ ಒಂದೊಂದು ಮನೆ ಸಾಕಿಕೊಳ್ಳುತ್ತದೆ. ಆ ಮನೆಯ ಜಗಲಿಯ ಮೇಲೆ ಕಂಚಿನ ತಂಬಿಗೆಯಲ್ಲಿ ನೀರಿರುತ್ತದೆ. ಬಿಕ್ಕುತ್ತ ಬಂದವರಿಗೆ ನೀರು ಕೊಟ್ಟು, ಎಲ್ಲಿ ತಪ್ಪಿತು ಅಂತ ತಿಳಿಸಿ ಕಳಿಸಬೇಕು. ಆ ನೀರಿಗೆ ಮಾತ್ರ ಆ ಪದದ ಬಿಕ್ಕಳಿಕೆ ನಿಲ್ಲುವುದು, ಇಲ್ಲದಿದ್ದರೆ ಒಂದು ರಾತ್ರಿ ಕಳೆಯಬೇಕು. ನಮ್ಮಲ್ಲಿ ಮನೆಗಳಿಗೆ ನಂಬರು ಇಲ್ಲ. ಟಿಫಿನ್ ಮನೆ, ಡ್ಯೂಟಿ ಮನೆ, ಟೆನ್ಷನ್ ಮನೆ ಅಂದರೆ ಟಪಾಲಿನವನಿಗೂ ಗೊತ್ತು. ಟೆನ್ಷನ್ ಮನೆಯವರಷ್ಟು ನೆಮ್ಮದಿಯ ಜನ ಊರಲ್ಲಿಲ್ಲ. ಸಾರಿ ಮನೆಯವರಿಗೆ ಪಾಪ ಬಿಡುವೇ ಇಲ್ಲ, ಬೆಳಗ್ಗೆಯಿಂದ ಸಂಜೆತನಕ ಬಾವಿ ಸೇದುವುದೇ ಕೆಲಸ. ಮನಸ್ಸಿಲ್ಲದೆ ಸಾರಿ ಅಂದವರೆಲ್ಲ ಅವರ ಬಾಗಿಲಲ್ಲಿ ಸಾಲಾಗಿ ನಿಂತಿರುತ್ತಾರೆ. ಚಾವಡಿಯ ಹಿರಿಯರಾದ ತಿಮ್ಮಪ್ಪಯ್ಯನವರದು ಅರ್ಜೆಂಟ್ ಮನೆ. ನಿಜವಾದ ಅರ್ಜೆಂಟ್ ಯಾವುದು ಅಂತ ಬಲ್ಲವರಾದ್ದರಿಂದ ಅವರು ಯಾವತ್ತೂ ಅವಸರ ಮಾಡಿದವರಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ಎಲೆ ಅಡಿಕೆ ಮುಗಿದಿರುತ್ತದೆ. ಬೇರೆ ಊರಿನವರು ಬಾಯಿಗೆ ಬಂದ ಪದವನ್ನು ಬಂದಲ್ಲಿ ಎಸೆಯುತ್ತಾರೆ ಅಂತ ಕೇಳಿದ್ದೇನೆ. ನಾವು ಹಾಗಲ್ಲ. ನಮ್ಮಲ್ಲಿ ಪದಕ್ಕೂ ಒಂದು ಹೊಸಿಲು ಇದೆ, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಮ್ಮದು ಟ್ರಂಕ್‌ಕಾಲ್ ಮನೆಯಾಗಿತ್ತು. ನಮ್ಮತ್ತೆ ಮದುವೆಯಾಗಿ ಬಂದಾಗ ಜಗಲಿಯ ಮೇಲೆ ತಂಬಿಗೆ ಥಳಥಳ ಹೊಳೆಯುತ್ತಿತ್ತಂತೆ. ಆಮೇಲೆ ಊರಿಗೆ ಒಂದೊಂದಾಗಿ ಫೋನು ಬಂತು, ಟ್ರಂಕ್‌ಕಾಲ್ ಅನ್ನುವವರೇ ಇಲ್ಲವಾದರು. ಯಾರೂ ಆಡದ ಪದಕ್ಕೆ ಬಿಕ್ಕಳಿಕೆ ಎಲ್ಲಿಂದ ಬರಬೇಕು? ತಂಬಿಗೆಯನ್ನು ಬೋರಲು ಹಾಕಿ ಅಟ್ಟದ ಮೇಲಿಟ್ಟೆವು. ಅಂಥ ಮನೆಯನ್ನು ನಮ್ಮೂರಲ್ಲಿ ಬರೀ ಮನೆ ಅನ್ನುತ್ತಾರೆ. ಬಯ್ಯುವುದಕ್ಕಲ್ಲ, ಗುರುತಿಗೆ. ಆದರೂ ಕೇಳಿದಾಗಲೆಲ್ಲ ಅತ್ತೆಯ ದವಡೆ ಬಿಗಿಯುವುದನ್ನು ಕಂಡಿದ್ದೇನೆ. ಬಹಳ ಕಾಲ ಬೋರಲು ಬಿದ್ದ ತಂಬಿಗೆಯನ್ನು ಚಾವಡಿಯವರು ತೆಗೆದುಕೊಂಡು ಹೋಗಿ, ಕರಗಿಸಿ, ಶಾಲೆಯ ಗಂಟೆಗೆ ಸೇರಿಸುತ್ತಾರೆ. ನಮ್ಮ ತಂಬಿಗೆಗೆ ತಿಮ್ಮಪ್ಪಯ್ಯನವರು ಹೇಳಿಬಿಟ್ಟಿದ್ದರು: "ಇನ್ನೊಂದು ಪದದ ತನಕ ನೋಡ್ತೀವಿ ಹೊಂಬಾಳಮ್ಮ. ಅದೂ ನಿಮಗೆ ಸಿಗದೇ ಹೋದರೆ ಕಳಿಸಿಕೊಟ್ಟುಬಿಡಿ." ನಮ್ಮ ಮನೆಯ ತಂಬಿಗೆಯನ್ನು ದಿನಾ ಹೊತ್ತುಹೊತ್ತಿಗೆ ಯಾರೋ ಬಡಿಯುವುದನ್ನು ಕೇಳುತ್ತ ಬದುಕಬೇಕು, ಅಷ್ಟೆ.

ಆ ಇನ್ನೊಂದು ಪದವನ್ನು ತಂದವರು ಫಿಲೋಮಿನಾ ಟೀಚರ್. ಶಾಲೆಗೆ ಹೊಸದಾಗಿ ಬಂದವರು, ಎತ್ತರದ ಹೆಂಗಸು, ಕೊಡೆ ಇಲ್ಲದೆ ಹೊರಗೆ ಕಾಲಿಡುವವರಲ್ಲ. ಒಂದು ದಿನ ಒಬ್ಬ ತಂದೆಯನ್ನು ಕರೆಸಿ, "ನಿಮ್ಮ ಮಗಳು ತುಂಬಾ ಪ್ಲೇಫುಲ್, ಪಕ್ಕದವಳ ಜಡೆಗೆ ಗೋಂದು ಬಳಿದಿದ್ದಾಳೆ," ಅಂದರಂತೆ. ಅಂದದ್ದೇ ತಡ, ಬಿಕ್ಕಳಿಕೆ. ಪಾಪ, ಪದಕ್ಕೆ ಮನೆಯಿಲ್ಲ, ನೀರು ಕೊಡುವವರಿಲ್ಲ. ಮರುದಿನ ಎದ್ದ ಮೇಲೇ ಅವರಿಗೆ ಸರಾಗ ಉಸಿರು ಬಂದದ್ದು. ಇನ್ನೊಬ್ಬರಾಗಿದ್ದರೆ ಊರು ಬಿಡುತ್ತಿದ್ದರು. ಟೀಚರ್ ಮಾತ್ರ ಹಟಕ್ಕೆ ಬಿದ್ದರು. "ಆಟವಾಡುವ ಮನಸ್ಸಿನ, ಅಂತ ಇದರ ಅರ್ಥ. ನಾನು ಕಲಿತಿದ್ದೀನಿ, ಅದರಲ್ಲಿ ಅನುಮಾನ ಇಲ್ಲ. ಎಲ್ಲಿ ಕೂರುತ್ತೆ, ಎಲ್ಲಿ ಕೂರೋಲ್ಲ ಅನ್ನೋದನ್ನ ನಿಮ್ಮೂರೇ ಹೇಳಬೇಕು," ಅಂದರು.

ಊರಿಗೆ ಅಷ್ಟು ಸಾಕಾಯಿತು. ಬಾವಿಕಟ್ಟೆ, ಹಿಟ್ಟಿನ ಗಿರಣಿ, ಎಲ್ಲೆಲ್ಲೂ ಅದೇ ಪದ. ದಾರದುಂಡೆಯ ಜೊತೆ ಬೆಕ್ಕಿನ ಮರಿ ಆಡುವಾಗ ಪ್ಲೇಫುಲ್ ಅಂದು ನೋಡಿದರು, ಬಿಕ್ಕಳಿಕೆ ಬರಲಿಲ್ಲ. ಅದೇ ಬೆಕ್ಕಿನ ತಾಯಿ ಇಲಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಆಡುತ್ತಿದ್ದಾಗ ಅಂದರು, ಬಂದುಬಿಟ್ಟಿತು. ಒಗೆದು ಹಾಕಿದ ಸೀರೆಯನ್ನು ಗಾಳಿ ಎಳೆದಾಡಿದರೆ ಸರಿ. ಅದೇ ಗಾಳಿ ಬಡವರ ಮನೆಯ ಸೋಗೆ ಕಿತ್ತರೆ ತಪ್ಪು. ಕರು, ಅಳಿಲು, ಕೆರೆಯ ಅಲೆ, ಎಲ್ಲದರ ಮೇಲೂ ಆ ಪದ ಚೆನ್ನಾಗಿ ಕೂತಿತು. ಮನುಷ್ಯರ ಮೇಲೆ ಮಾತ್ರ ಕೂರಲೊಲ್ಲದು. ತಮ್ಮ ತುಂಟ ಮಕ್ಕಳ ಮೇಲೆ, ಕೀಟಲೆಯ ಭಾವಮೈದುನರ ಮೇಲೆ ಅಂದು ನೋಡಿದವರೆಲ್ಲ ದಿನವಿಡೀ ಬಿಕ್ಕಿದರು. ಕಡೆಗೆ ಹೆದರಿ ಮನುಷ್ಯರ ಬಗ್ಗೆ ಅನ್ನುವುದನ್ನೇ ಬಿಟ್ಟರು. ಆದರೆ ಪದಕ್ಕೆ ಮನೆ ಸಿಗುವುದು ಅದು ಮನುಷ್ಯರ ಮೇಲೆ ಕೂತಾಗಲೇ. ಪದ ನಮಗೆ ಬೇಕು ಅಂತ ಕೇಳಿದ ಮನೆಯ ಒಬ್ಬರ ಮೇಲೆ, ಬೇರೆ ಮನೆಯ ಒಬ್ಬರು, ಹುಣ್ಣಿಮೆ ಸಂಜೆ ಎಲ್ಲರೆದುರಿಗೆ ಆ ಪದ ಅನ್ನಬೇಕು, ಬಿಕ್ಕಳಿಕೆ ಬರಬಾರದು.

ಉಗ್ರಪ್ಪ ಕೇಳಿದ್ದು ಯಾರಿಗೂ ಆಶ್ಚರ್ಯವಲ್ಲ. ಅವನದು ಕಾಮಿಡಿ ಮನೆ. ಸೈಕಲ್ಲಿನ ಗಾಳಿ ತೆಗೆದು ತಾನೇ ತುಂಬುವುದು, ಕಾಫಿಗೆ ಉಪ್ಪು ಹಾಕುವುದು, ಹೀಗೆ ದಿನಕ್ಕೊಂದು. ಪದ ಅವನಿಗೇ ಅಂತ ಊರು ತೀರ್ಮಾನಿಸಿಬಿಟ್ಟಿತ್ತು. ಅದರ ನಡುವೆ ನಮ್ಮತ್ತೆ ಸೆರಗು ಹೊದ್ದು ಚಾವಡಿಗೆ ಹೋಗಿ, "ನಮಗೂ ಬೇಕು," ಅಂದು ಬಂದಿದ್ದರು.

ನಮ್ಮತ್ತೆಯ ಬಾಯಿ ಊರಿಗೆಲ್ಲ ಗೊತ್ತು. ಬೆಳಗಾದರೆ ನನ್ನನ್ನು ಬೈಯುವ ದನಿ ಮೂರು ಬೀದಿಗೆ ಕೇಳುತ್ತದೆ. "ಏ ರೇವಾ, ಆ ಅಟ್ಟದ ಮೇಲಿನ ಧೂಳು ಒರೆಸೋಕೆ ನಿಮ್ಮಪ್ಪ ಬರ್ತಾನಾ?" "ಆ ಮೆಂತ್ಯದ ಡಬ್ಬಿ ಮುಚ್ಚಳ ತೆಗೆದು ನೋಡಿದ್ದೀಯಾ, ಹುಳ ಸಂಸಾರ ಹೂಡಿರಬೇಕು!" ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಕೊಡ ಎತ್ತಿಕೊಟ್ಟು, "ಪಾಪ ರೇವಕ್ಕ, ಹೇಗೆ ಸಹಿಸಿಕೊಂಡಿದ್ದೀಯೋ," ಅನ್ನುವರು. ಆದರೆ ಒಂದು ವಿಚಿತ್ರವಿತ್ತು. "ನಿಮ್ಮತ್ತೆ ಬಹಳ ಸ್ಟ್ರಿಕ್ಟು" ಅಂತ ಯಾರಾದರೂ ಅಂದರೆ ಅವರಿಗೆ ಬಿಕ್ಕಳಿಕೆ ಬರುತ್ತಿತ್ತು. ಸ್ಟ್ರಿಕ್ಟ್ ಮನೆಯ ಪುಟ್ಟಗೌರಮ್ಮ ನೀರು ಕೊಟ್ಟು ಕೊಟ್ಟು ಸಾಕಾಗಿ ಒಂದು ದಿನ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಅಲ್ಲಾ ಕಣೇ, ನಿಮ್ಮತ್ತೆ ಮೇಲೆ ಈ ಪದ ಯಾಕೆ ಕೂರೋಲ್ಲ? ಆಯಮ್ಮನಿಂದಲೇ ನಮ್ಮ ಬಾವಿ ಬತ್ತಿಹೋಗ್ತಿದೆ!"

ನಾನೇನು ಹೇಳಲಿ? ಯಾಕೆ ಕೂರುವುದಿಲ್ಲ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ.

ಮದುವೆಯಾಗಿ ಬಂದ ಹೊಸತು. ತವರಿನ ನೆನಪಾಗಿ ಒಲೆಯ ಮುಂದೆ ಕಣ್ಣೀರು ಹಾಕುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಸಾರಿಗೆ ಉಪ್ಪು ಹಾಕೋದು ಜಾಡಿಯಿಂದಲೋ ಕಣ್ಣಿಂದಲೋ? ಜಾಡಿಗೆ ಕೈ ಹಾಕೋಕೆ ಗೊತ್ತಿಲ್ವಾ ನಿನಗೆ?" ಅಂತ ಗದರಿ ಹೋದರು. ಅಳುತ್ತಲೇ ಉಪ್ಪಿನ ಜಾಡಿಗೆ ಕೈ ಹಾಕಿದೆ. ಉಪ್ಪಿನೊಳಗೆ ಗುಂಡಗೆ ಏನೋ ಸಿಕ್ಕಿತು. ತೆಗೆದು ನೋಡಿದರೆ ಗಜ್ಜುಗ! ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದೆವಲ್ಲ, ಬೂದು ಬಣ್ಣದ ಬೀಜ, ನುಣ್ಣಗಿನದು, ಕಲ್ಲಿಗೆ ಉಜ್ಜಿ ಗೆಳತಿಯ ಕೈಗೆ ಮುಟ್ಟಿಸಿದರೆ ಚುರ್ರೆನ್ನುವುದು, ಅದೇ. ಯಾರಿಟ್ಟರು, ಯಾಕಿಟ್ಟರು, ತಲೆಬುಡ ತಿಳಿಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಆಮೇಲೆ ಏನು ಧೈರ್ಯ ಬಂತೋ, ಅತ್ತೆಯ ಎಲೆ ಅಡಿಕೆ ಚೀಲದ ತಳಕ್ಕೆ ಅದನ್ನು ಸೇರಿಸಿ, "ಅತ್ತೆ, ನಿಮ್ಮ ಚೀಲ ಯಾಕೋ ವಾಸನೆ ಬರ್ತಿದೆ, ಕೊಡವಬಾರದೇ?" ಅಂದೆ. ಅತ್ತೆ ದುರುಗುಟ್ಟಿ ನೋಡಿದರು. ಮರುದಿನ ಬೆಳಗ್ಗೆ ಮೆಂತ್ಯದ ಡಬ್ಬಿಯ ಬೈಗುಳ ಕೇಳಿಸಿತು. ಹೋಗಿ ಮುಚ್ಚಳ ತೆಗೆದೆ. ಇತ್ತು.

ಅಲ್ಲಿಂದ ಇಲ್ಲಿಯವರೆಗೆ ಹೀಗೇ. ನನ್ನ ಮಕ್ಕಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದರು. ಗಜ್ಜುಗ ಮಾತ್ರ ಮನೆಯೊಳಗೇ ಸುತ್ತುತ್ತಿದೆ. ಸಿಕ್ಕವರು ಬಚ್ಚಿಡಬೇಕು, ಬಚ್ಚಿಟ್ಟವರು ಬೈದು ಸುಳಿವು ಕೊಡಬೇಕು. ಬೈಯುವುದೆಲ್ಲ ಅದಕ್ಕೇ. ಇದರ ಬಗ್ಗೆ ನಾವಿಬ್ಬರೂ ಒಂದೇ ಒಂದು ಮಾತು ಆಡಿದವರಲ್ಲ. ಒಬ್ಬರೆದುರಿಗೆ ಒಬ್ಬರು ಅದನ್ನು ಹೊರಗೆ ತೆಗೆದವರೂ ಅಲ್ಲ. ಬಾಯಿಬಿಟ್ಟು ಆಡಿದರೆ ಆಟ ಮುಗಿದುಹೋಗುತ್ತದೆ ಅಂತ ಇಬ್ಬರಿಗೂ ಗೊತ್ತು. ಈಗ ಬರೆಯುತ್ತಿದ್ದೀಯಲ್ಲ ಅಂತ ನೀವು ಕೇಳಬಹುದು. ಬರೆಯುವುದು ಬಾಯಿಬಿಟ್ಟ ಹಾಗಲ್ಲ ಅಂತ ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನನ್ನ ಗಂಡ ಬೋರಲಿಂಗನಿಗೂ ಇದೇನೂ ಗೊತ್ತಿಲ್ಲ. ಅವರು, "ನೀವಿಬ್ಬರೂ ಒಂದು ದಿನವಾದರೂ ಸುಮ್ಮನಿರ್ತೀರಾ?" ಅಂತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕ್ಷೌರದ ಅಂಗಡಿಗೆ ಪೇಪರು ಓದಲು ಹೊರಟುಬಿಡುತ್ತಾರೆ.

ಪದ ಕೇಳಿ ಬಂದ ದಿನದಿಂದ ಅತ್ತೆ ಬದಲಾದರು. ಬೈಯುವುದನ್ನೇ ನಿಲ್ಲಿಸಿಬಿಟ್ಟರು. ಗಜ್ಜುಗ ಅವರ ಹತ್ತಿರವಿತ್ತು, ಬಚ್ಚಿಡುವ ಸರದಿ ಅವರದು. ನಾನು ದಿನಾ ಎದ್ದು ಕಿವಿಗೊಟ್ಟು ಕಾಯುತ್ತಿದ್ದೆ. "ರೇವಾ, ಕಾಫಿ ಆಯ್ತೇನಮ್ಮ?" ಅನ್ನುವರು. ಅಮ್ಮ! ಡಬ್ಬಿ, ಜಾಡಿ, ಹಾಸಿಗೆ, ಶಾವಿಗೆ ಒರಳು, ಎಲ್ಲ ತಡಕಿದೆ. ಎಲ್ಲೂ ಇಲ್ಲ. "ಅಬ್ಬ, ಮನೆ ಈಗ ಮನೆ ಥರ ಇದೆ," ಅಂದರು ನನ್ನ ಗಂಡ. ಅವರಿಗೆ ಎರಡು ಹಪ್ಪಳ ಹೆಚ್ಚಾಗಿ ಬೇಕಿತ್ತು, ನಾನು ಹಾಕಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅತ್ತೆ ಅಂಗಳದಲ್ಲಿ ಹಪ್ಪಳ ಮಗುಚುತ್ತಿದ್ದರು.

"ಅತ್ತೆ, ನಾಳೆ ಅಲ್ಲಿ ಏನು ತೋರಿಸ್ತೀವಿ?"

"ಏನು ತೋರಿಸೋದು?"

"ಅದೇ... ನಮ್ಮ ಹತ್ತಿರ ಏನಿದೆ ಅಂತ ಜನ ಒಪ್ಪಬೇಕು?"

ಅತ್ತೆ ಹಪ್ಪಳ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ಎಲ್ಲಾನೂ ಬಿಚ್ಚಿ ಹೇಳಿದರೇ ಜನ ಒಪ್ಪೋದು ಅಂತೀಯಾ?"

"ಹೇಳದೇ ಇದ್ದರೆ ತಂಬಿಗೆ ಗಂಟೆಗೆ ಹೋಗುತ್ತೆ."

"ಹೇಳಿದರೆ ಮನೇಲಿ ಏನು ಉಳಿಯುತ್ತೆ?" ಅಂದರು ಅತ್ತೆ. ಆಮೇಲೆ ಹಪ್ಪಳದ ಕಡೆ ತಿರುಗಿ, "ನಾಳೆ ಆ ಹಸಿರು ಸೀರೆ ಉಡು. ಸೆರಗು ನಾನು ಸರಿ ಮಾಡ್ತೀನಿ, ನಿನಗೆ ಬರೋಲ್ಲ," ಅಂದರು.

ತಂಬಿಗೆ ಉಳಿಸಿದರೆ ಆಟ ಹೋಗುತ್ತದೆ, ಆಟ ಉಳಿಸಿದರೆ ತಂಬಿಗೆ ಹೋಗುತ್ತದೆ. ಆಟವಾದರೂ ಇನ್ನೂ ಇದೆಯೋ ಇಲ್ಲವೋ, ಅದೂ ತಿಳಿಯದು. ಮರುದಿನ ಸಂಜೆ ಅತ್ತೆ ಸೆರಗು ಸರಿಮಾಡುವ ತನಕ ನಿಂತಿದ್ದು, ಅವರ ಹಿಂದೆ ಚಾವಡಿಗೆ ನಡೆದೆ.

ಚಾವಡಿ ತುಂಬಿತ್ತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಕಂಬದ ಈಚೆ. ಫಿಲೋಮಿನಾ ಟೀಚರ್ ಮಡಿಸಿದ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ದರ್ಜಿ ಚೌಡಯ್ಯ. ತುಂಬಾ ಸಂಕೋಚದ ಮನುಷ್ಯ, ಅಳತೆ ತೆಗೆಯುವಾಗಲೂ ಕಣ್ಣು ಮುಚ್ಚಿಕೊಂಡೇ ತೆಗೆಯುತ್ತಾನೇನೋ ಅನ್ನಿಸಬೇಕು. ತಿಮ್ಮಪ್ಪಯ್ಯನವರು ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟು, ಜಗಿದು, "ಉಗ್ರಪ್ಪ, ನಿನ್ನದು ಮೊದಲಾಗಲಿ," ಅಂದರು.

ಉಗ್ರಪ್ಪ ಎದ್ದು ನಿಂತ. "ನಾನು ಹೇಳೋದೇನಿದೆ? ಚೌಡಯ್ಯ ಹೇಳ್ತಾನೆ. ಬಾರಪ್ಪ ಚೌಡಯ್ಯ, ಇಲ್ಲಿ ಬಾ."

ಚೌಡಯ್ಯ ಎದ್ದ. ಎದ್ದವನು ಹಾಗೇ ಹಿಂದಕ್ಕೆ ಜಗ್ಗಿದ. ಯಾವಾಗಲೋ ಉಗ್ರಪ್ಪ ಅವನ ಪಂಚೆಯ ತುದಿಯನ್ನು ಬೆಂಚಿನ ಕಾಲಿಗೆ ಕಟ್ಟಿಬಿಟ್ಟಿದ್ದ. ಚೌಡಯ್ಯ ಎರಡು ಕೈಯಲ್ಲೂ ಪಂಚೆ ಹಿಡಿದುಕೊಂಡು ಅರ್ಧ ಬಗ್ಗಿ ನಿಂತ. ಚಾವಡಿಗೆ ಚಾವಡಿಯೇ ನಕ್ಕಿತು. ಸುಳ್ಳೇಕೆ, ನನಗೂ ನಗು ಬಂತು. ಚೌಡಯ್ಯನೂ ನಕ್ಕ. ಕಿವಿ ಮಾತ್ರ ಕೆಂಪಗಾಗಿತ್ತು.

"ನೋಡಿದಿರಾ, ಅವನೂ ನಗ್ತಿದ್ದಾನೆ!" ಅಂದ ಉಗ್ರಪ್ಪ. "ಈಗ ಹೇಳು ಚೌಡಯ್ಯ. ನಾನು ಎಂಥವನು?"

"ಉಗ್ರಪ್ಪಣ್ಣ ಬಹಳ..." ಚೌಡಯ್ಯ ಪಂಚೆ ಬಿಗಿಹಿಡಿದುಕೊಂಡ. "ಬಹಳ ಪ್ಲೇಫುಲ್..."

"ಬಿಕ್" ಅಂತು. ಚೌಡಯ್ಯ ಬಾಯಿ ಮುಚ್ಚಿಕೊಂಡ. ಮತ್ತೆ "ಬಿಕ್" ಅಂತು.

ನಗುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. "ಏಯ್, ಸರಿಯಾಗಿ ಹೇಳೋ," ಅಂದ ಉಗ್ರಪ್ಪ. "ಸರಿಯಾಗೇ... ಬಿಕ್... ಹೇಳಿದೆನಲ್ಲಣ್ಣ," ಅಂದ ಚೌಡಯ್ಯ ಪಂಚೆ ಬಿಡದೆ. ತಿಮ್ಮಪ್ಪಯ್ಯನವರು ಕೈಯೆತ್ತಿ ಅವನನ್ನು ಕೂರಿಸಿದರು. ಕಟ್ಟಿದ ಗಂಟನ್ನು ಯಾರೂ ಬಿಚ್ಚಲಿಲ್ಲ, ನೆನಪೇ ಆಗಲಿಲ್ಲ.

"ಹೊಂಬಾಳಮ್ಮ, ನಿಮ್ಮ ಕಡೆಯಿಂದ ಯಾರು ಹೇಳ್ತಾರೆ?"

ಯಾರೂ ಏಳಲಿಲ್ಲ. ಯಾರು ಎದ್ದಾರು? ಚೌಡಯ್ಯ ಎದುರಿಗೇ ಬಿಕ್ಕುತ್ತಿದ್ದ. ನಮ್ಮತ್ತೆಯನ್ನು ಸ್ಟ್ರಿಕ್ಟ್ ಅಂದೇ ಬಿಕ್ಕಿದ ಜನ, ಇನ್ನು ಪ್ಲೇಫುಲ್ ಅಂದು ಬದುಕುಳಿಯುವುದುಂಟೇ ಅನ್ನುವ ಹಾಗೆ ಮುಖ ಮುಖ ನೋಡಿಕೊಂಡರು.

ಅತ್ತೆ ಮುಂದೆ ಬಂದು ನಿಂತರು. "ಯಾರೂ ಹೇಳೋದು ಬೇಡ ಬಿಡಿ. ನನಗೆ ನನ್ನ ಸೊಸೆ ಹತ್ತಿರ ಸ್ವಲ್ಪ ಮಾತಿದೆ." ನನ್ನ ಕಡೆ ತಿರುಗಿದರು. "ಏ ರೇವಾ! ಬಾರೇ ಇಲ್ಲಿ."

ಆ ದನಿ! ಎಷ್ಟು ದಿನವಾಗಿತ್ತು ಕೇಳಿ! ನಾನು ಕಂಬದ ಮರೆಯಿಂದ ಓಡಿದ ಹಾಗೇ ಬಂದೆ.

"ಏನೇ ಇದು ನಿನ್ನ ಅವತಾರ? ಊರು ಸೇರಿರೋ ಜಾಗಕ್ಕೆ ಹೀಗೆ ಬರೋದಾ? ಆ ಸೆರಗಿನ ತುದಿ ನೋಡು, ಚಾವಡೀನೆಲ್ಲ ಗುಡಿಸ್ತಾ ಇದೆ. ನಿಮ್ಮಪ್ಪನ ಮನೆ ಆಸ್ತಿ ಕಟ್ಟಿಕೊಂಡು ತಿರುಗ್ತಾ ಇದ್ದೀಯೇನೋ ಅದರಲ್ಲಿ, ಅಷ್ಟು ಜೋತುಬಿದ್ದಿದೆ!"

"ಛೆ ಛೆ," ಅಂದರು ಹೆಂಗಸರು. "ಪಾಪ, ಎಲ್ಲರೆದುರಿಗೇ..." ಅಂತ ಯಾರೋ ಗೊಣಗಿದರು. ನಾನು ಸೆರಗಿನ ತುದಿಯನ್ನು ಹಿಡಿದುಕೊಂಡೆ. ಗಂಟಿತ್ತು. ಗಂಟಿನೊಳಗೆ ಗುಂಡಗೆ, ಗಟ್ಟಿಗೆ, ನುಣ್ಣಗೆ.

ಮನೆಯಿಂದ ಹೊರಡುವ ಮುಂಚೆ ಸೆರಗು ಸರಿಮಾಡುತ್ತೇನೆಂದು ಅಷ್ಟು ಹೊತ್ತು ಹಿಡಿದು ನಿಂತದ್ದು ಇದಕ್ಕೇ! ಇಡೀ ಊರು ಸೇರಿದ ಕಡೆ, ಊರೆಲ್ಲ ಕಣ್ಣು ಬಿಟ್ಟು ನೋಡುತ್ತಿರುವಾಗ, ಬಚ್ಚಿಟ್ಟದ್ದು ನನ್ನ ಮೈಮೇಲೇ! ನನಗೆ ಏನಾಯಿತೋ, ನಗು ಉಕ್ಕಿಬಂತು. ತಡೆದೆ. ತಡೆದಷ್ಟೂ ಉಕ್ಕಿತು. ಬಾಯಿಗೆ ಸೆರಗು ಒತ್ತಿಕೊಂಡೆ. ಗಂಟು ಹಲ್ಲಿಗೆ ತಾಗಿತು, ಇನ್ನೂ ಹೆಚ್ಚಾಯಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಚಾವಡಿಯ ನಡುವೆ ನಿಂತು ನಕ್ಕೆ.

"ನಗ್ತೀಯಾ? ಬೈದರೆ ನಗ್ತೀಯಾ?" ಅಂದರು ಅತ್ತೆ. ಮುಖ ಕಲ್ಲಿನ ಹಾಗೇ ಇತ್ತು. ಎಡಗಡೆಯ ತುಟಿಯ ಅಂಚು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ.

ನಾನು ಕಣ್ಣೊರೆಸಿಕೊಂಡೆ. ಈಗ ಸರದಿ ನನ್ನದು. "ನನ್ನ ಸೆರಗಿನ ಮಾತು ಹಾಗಿರಲಿ ಅತ್ತೆ," ಅಂದೆ ಸೊಂಟಕ್ಕೆ ಕೈಯಿಟ್ಟುಕೊಂಡು. "ಅಟ್ಟದ ಮೇಲಿನ ತಂಬಿಗೆ ಹಸಿರು ಕಟ್ಟಿಕೊಂಡು ಬಿದ್ದಿದೆಯಲ್ಲ, ಅದರ ಒಳಗೆ ಯಾವತ್ತಾದರೂ ಬಗ್ಗಿ ನೋಡಿದ್ದೀರಾ? ನಿಮ್ಮ ಮನೆ ಮಾನ ಅದರ ತಳದಲ್ಲಿ ಕೂತಿರುತ್ತೆ!"

ಸೊಸೆ ತಿರುಗಿ ಆಡಿದಳು! ಅತ್ತೆ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಸುಳಿವು ಮುಟ್ಟಿತು ಅಂತ ಕಣ್ಣಲ್ಲೇ ತಿಳಿಯಿತು. ಆಗ ತುಟಿಯ ಅಂಚು ಅವರ ಕೈಮೀರಿತು, ನಮ್ಮತ್ತೆಯ ಒಂದು ಹಲ್ಲು ಕಾಣಿಸಿತು.

"ಅಯ್ಯೋ!" ಅಂದರು ಫಿಲೋಮಿನಾ ಟೀಚರ್. ಅವರ ಮಡಿಲಿಂದ ಕೊಡೆ ಕೆಳಗೆ ಬಿತ್ತು. "ಇವರು ಬೈತಾನೇ ಇಲ್ಲ! ಹೊಂಬಾಳಮ್ಮ ಎಷ್ಟು ಪ್ಲೇಫುಲ್!"

ಅಂದುಬಿಟ್ಟ ಮೇಲೆ ಅವರಿಗೇ ಗಾಬರಿಯಾಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಊರೆಲ್ಲ ಅವರ ಗಂಟಲನ್ನೇ ನೋಡಿತು. "ಬಿಕ್" ಅಂತು. ಎಲ್ಲರೂ ಹೌಹಾರಿದರೆ, ಅದು ಚೌಡಯ್ಯನದು.

"ಬರಲಿಲ್ಲ, ಟೀಚರಿಗೆ ಬರಲಿಲ್ಲ!" ಅಂತ ಯಾರೋ ಕೂಗಿದರು.

"ತಡೀರಿ," ಅಂದರು ತಿಮ್ಮಪ್ಪಯ್ಯ. "ಅವಸರ ಏನಿದೆ." ಎಲೆ ಅಡಿಕೆ ಜಗಿಯುತ್ತ ಕೂತರು. ನಾವೆಲ್ಲ ಅವರ ದವಡೆಯನ್ನೊಮ್ಮೆ, ಟೀಚರ ಗಂಟಲನ್ನೊಮ್ಮೆ ನೋಡುತ್ತ ಕಾದೆವು. ಟೀಚರ್ ಮೆಲ್ಲಗೆ ಬಾಯಿಂದ ಕೈ ತೆಗೆದರು. ಏನೂ ಇಲ್ಲ. ಇನ್ನೊಮ್ಮೆ, ಈ ಸಲ ಬೇಕೆಂದೇ, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಅಂದರು. "ಹೊಂಬಾಳಮ್ಮ ಪ್ಲೇಫುಲ್. ಅವರ ಸೊಸೆಯೂ ಪ್ಲೇಫುಲ್." ಏನೂ ಇಲ್ಲ.

"ಅವರ ನಡುವೆ ಏನು ನಡೀತು ಅಂತ ನಮಗೆ ತಿಳೀಲೇ ಇಲ್ಲವಲ್ಲ," ಅಂದ ಉಗ್ರಪ್ಪ. "ಇದು ಹೇಗೆ ಸರಿಹೋಗುತ್ತೆ? ಚೌಡಯ್ಯನೂ ನಕ್ಕ, ಇವಳೂ ನಕ್ಕಳು. ಏನು ವ್ಯತ್ಯಾಸ?"

ಅದಕ್ಕೆ ಉತ್ತರ ಹೇಳಿದವನು ಚೌಡಯ್ಯ. ಅವನು ಸಭೆಯಲ್ಲಿ ಬಾಯಿಬಿಟ್ಟದ್ದನ್ನು ನಾನು ಮೊದಲ ಸಲ ಕೇಳಿದ್ದು. "ರೇವಕ್ಕ ನಕ್ಕಿದ್ದು ನಾನು ನಕ್ಕ ಹಾಗಲ್ಲಣ್ಣ," ಅಂದ. "ನಾನು... ಬಿಕ್... ನೀವೆಲ್ಲ ನಗ್ತಿದ್ದಿರಿ ಅಂತ ನಕ್ಕೆ. ಆ ಆಟಕ್ಕೆ ನನ್ನನ್ನ ಯಾರೂ ಕರೆದಿರಲಿಲ್ಲ."

ಒಳ್ಳೆಯ ಮಾತು ಹೇಳಲೇಬೇಕು, ಉಗ್ರಪ್ಪನೇ ಬೆಂಚಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಚೌಡಯ್ಯನ ಪಂಚೆಯ ಗಂಟು ಬಿಚ್ಚಿದ. ಬಿಗಿಯಾಗಿ ಕಟ್ಟಿದ್ದನಾದ್ದರಿಂದ ಸ್ವಲ್ಪ ಹೊತ್ತೇ ಹಿಡಿಯಿತು. ಎದ್ದು ನಮ್ಮತ್ತೆಯ ಕಡೆ ತಿರುಗಿ, "ಹಲ್ಲು ಕಂಡೆ ಹೊಂಬಾಳಮ್ಮ," ಅಂದ.

"ಒಂದು ಕಂಡೆಯಲ್ಲ, ಸಾಕು. ಮಿಕ್ಕವು ಮನೆಯವರಿಗೆ," ಅಂದರು ಅತ್ತೆ.

ತಿಮ್ಮಪ್ಪಯ್ಯನವರು ಎದ್ದು ನಿಂತು ಬಾಯಿ ಮುಕ್ಕಳಿಸಿ ಬಂದು ಹೇಳಿದರು: "ತಂಬಿಗೆ ಇಳಿಸಿಕೊಳ್ಳಿ."

ಆ ಸಂಜೆ ನಮ್ಮ ಬೀದಿಯಲ್ಲಿ ನಡೆದು ಬಂದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮನೆಮನೆಯ ಜಗಲಿಯಿಂದ ಜನ, "ಪ್ಲೇಫುಲ್ ಮನೆಯವರು ಬಂದರು," ಅನ್ನುತ್ತಿದ್ದರು. ಪುಟ್ಟಗೌರಮ್ಮನವರು ಬಾಗಿಲಿಗೆ ಬಂದು, "ಅಂತೂ ನಮ್ಮ ಬಾವಿ ಉಳೀತು ಕಣೇ," ಅಂದರು. ಅತ್ತೆ ಅತ್ತಿತ್ತ ನೋಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಮೆರವಣಿಗೆಯಲ್ಲಿ ಹೋಗುವವರ ಹಾಗೆ ನಡೆದರು. ನಾನು ಅವರ ಹಿಂದೆ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ನನ್ನ ಗಂಡ ಎಲ್ಲರಿಗಿಂತ ಮುಂದೆ ಓಡಿ ಅಟ್ಟ ಹತ್ತಿದ್ದರು. "ಏನಾಯ್ತು ಅಂತ ಯಾರಾದರೂ ನನಗೂ ಹೇಳ್ರಪ್ಪ," ಅನ್ನುತ್ತಲೇ ತಂಬಿಗೆ ಇಳಿಸಿಕೊಟ್ಟರು. ನಾನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹಸಿರೆಲ್ಲ ಹೋಗಿ ಒಳಗಿನಿಂದ ಹೊಂಬಣ್ಣ ಎದ್ದು ಬಂತು. ನೀರು ತುಂಬಿಸಿ ಜಗಲಿಯ ಮೇಲೆ ಇಡುವಷ್ಟರಲ್ಲಿ ಚೌಡಯ್ಯ ಬಿಕ್ಕುತ್ತ ಬಂದು ಮೆಟ್ಟಿಲ ಹತ್ತಿರ ನಿಂತಿದ್ದ.

"ಬಾರಪ್ಪ," ಅಂದರು ಅತ್ತೆ. ಮೊದಲ ನೀರು ಕೊಡುವವರು ಮನೆಯ ಹಿರಿಯರು. ಅವರೇ ತಂಬಿಗೆ ಎತ್ತಿ ಚೌಡಯ್ಯನ ಬೊಗಸೆಗೆ ಬಗ್ಗಿಸಿದರು. ಅವನು ಕುಡಿದ, ಉಸಿರು ಎಳೆದು ನೋಡಿದ, ಬಿಕ್ಕಳಿಕೆ ನಿಂತಿತ್ತು. ಅತ್ತೆ ಪದದ ಮನೆಯವರು ಹೇಳಬೇಕಾದ ಮಾತನ್ನು ಹೇಳಿದರು. "ಇಬ್ಬರೂ ಆಡ್ತಿದ್ದರೆ ಅನ್ನು. ಒಬ್ಬರೇ ಆಡ್ತಿದ್ದರೆ ಅನ್ನಬೇಡ. ತಿಳೀತಾ?"

"ತಿಳೀತಮ್ಮ," ಅಂದು ಚೌಡಯ್ಯ ಪಂಚೆ ಒದರಿಕೊಂಡು, ಬಂದದ್ದಕ್ಕಿಂತ ಸ್ವಲ್ಪ ಎತ್ತರವಾಗಿ ನಡೆದುಹೋದ.

ಅವನು ತಿರುವು ದಾಟಿದ ಮೇಲೆ ಅತ್ತೆ ಮಿಕ್ಕ ನೀರನ್ನು ತುಳಸಿಗೆ ಬಗ್ಗಿಸಿದರು. ತಂಬಿಗೆಯ ಒಳಗೆ ಏನೋ ಉರುಳಿ ಕಂಚಿಗೆ ತಾಗಿ ಟಣ್ ಅಂತು. ಅತ್ತೆ ಒಳಗೆ ಬಗ್ಗಿ ನೋಡಿದರು.

"ರೇವಾ, ತಂಬಿಗೆ ತೊಳೆಯೋದು ಅಂದರೆ ಇದೇನಾ?"

"ನನಗೆ ಬರೋದು ಇಷ್ಟೇ ಅತ್ತೆ," ಅಂದೆ.

ಅತ್ತೆ ಕೈಹಾಕಿ ಗಜ್ಜುಗವನ್ನು ಹೊರಗೆ ತೆಗೆದರು, ನನ್ನೆದುರಿಗೇ. ಸೆರಗಿನಿಂದ ಒದ್ದೆ ಒರೆಸಿದರು. ಜಗಲಿಯ ಕಲ್ಲಿನ ಮೇಲೆ ಕೂತು, ಅದನ್ನು ಕಲ್ಲಿಗೆ ಒತ್ತಿ ಪರಪರ ಉಜ್ಜಿದರು. ಆಮೇಲೆ ಒಂದು ಮಾತೂ ಆಡದೆ ನನ್ನ ಕೈ ಎಳೆದುಕೊಂಡು ಮೊಣಕೈಯ ಹತ್ತಿರ ಮುಟ್ಟಿಸಿಯೇಬಿಟ್ಟರು. ಚುರ್ರೆಂದಿತು.